ಬಾಗಿಲು ಮುಚ್ಚಿದ ತಾಲೀಮು

ಹಿತ್ತಲ ಕೋಣೆಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿ ಅವಳು ನಲ್ಲಿ ನಿಲ್ಲಿಸಿದಳು. ಇವತ್ತೂ ಬಂದಿದ್ದಾನೆ ಮಹಾನುಭಾವ. ಹೆಗಲ ಮೇಲೆ ಅದೇ ಟವೆಲು, ಮುಖದ ಮೇಲೆ ಅದೇ ಸಾಧುವಿನ ಕಳೆ. "ಚೆನ್ನಾಗಿದ್ದೀಯೇನಮ್ಮ" ಎಂದು ಅವಳ ಕಣ್ಣು ತಪ್ಪಿಸಿಯೇ ಕೇಳಿ, ಅವಳ ಗಂಡನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿದ್ದ.

ಅವಳ ಗಂಡ ಊರಿಗೆಲ್ಲ 'ಬಂಡೆ'. ಬಾಕ್ಸಿಂಗ್ ಕಣದಲ್ಲಿ ಎಷ್ಟು ಗುದ್ದಿದರೂ ಬೀಳದವನು ಎಂದು ಜನ ಇಟ್ಟ ಹೆಸರು. ಬೀಳದೆ ನಿಂತವನಿಗೇ ಹೆಚ್ಚು ಏಟು ಬೀಳುತ್ತದೆ ಎನ್ನುವುದು ಚಪ್ಪಾಳೆ ತಟ್ಟಿದವರಿಗೆ ಹೊಳೆದಿರಲಿಲ್ಲ. ಆಟ ಬಿಟ್ಟ ಮೇಲೆ ತಲೆನೋವು ಬಂತು, ಸಿಟ್ಟು ಬಂತು, ಕಾರಣವಿಲ್ಲದ ಅಳು ಬಂತು. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಏಟು ತಲೆಗೆ ಬಿದ್ರೆ ಮನುಷ್ಯ ಉಳಿಯಲ್ಲಮ್ಮ" ಎಂದಿದ್ದರು. ಅಂದಿನಿಂದ, ಅವನ ತಲೆಗೆ ತಗಲೀತೆಂದು, ಅವಳು ಅಡುಗೆಮನೆಯ ಕಪಾಟಿನ ಬಾಗಿಲನ್ನೂ ತೆರೆದಿಡುವುದಿಲ್ಲ.

ಟವೆಲಿನವನು ಬಂಡೆಯ ಗುರು. ಪಂದ್ಯದ ನಡುವೆ ಶಿಷ್ಯನನ್ನು ಮೂಲೆಯಲ್ಲಿ ಕೂರಿಸಿ ಮುಖ ಒರೆಸುತ್ತಿದ್ದವನು. ಕಣದ ಡಾಕ್ಟರು ಹತ್ತಿರ ಬಂದು "ನಿನ್ನ ಹೆಸರೇನು, ಇದು ಯಾವ ಊರು, ಎದುರಾಳಿ ಯಾರು" ಎಂದು ಕೇಳುವ ಮೊದಲೇ ಕಿವಿಯಲ್ಲಿ ಉತ್ತರ ಊದಿಬಿಡುತ್ತಿದ್ದ. ಕೊನೆಯ ಪಂದ್ಯದಲ್ಲೂ ಹಾಗೇ ಮಾಡಿದ. ತಲೆ ಗಿರ್ರೆನ್ನುತ್ತ ಕೂತಿದ್ದ ಬಂಡೆ ಬಾಯಿಪಾಠ ಒಪ್ಪಿಸಿ, ಮತ್ತೆ ಎದ್ದು ಹೋಗಿ ತಿನ್ನಬಾರದ ಏಟೆಲ್ಲ ತಿಂದ. ಅದನ್ನು ಅವಳು ಮರೆತಿಲ್ಲ, ಮರೆಯುವವಳೂ ಅಲ್ಲ.

ಈಗ ಪೇಟೆಯ ಗೋಡೆಗಳ ಮೇಲೆಲ್ಲ ಪೋಸ್ಟರು. ಹಳೇ ಹುಲಿಗಳ ಕಾದಾಟವಂತೆ. ಆಟ ಬಿಟ್ಟವರನ್ನು ಮತ್ತೆ ಕಣಕ್ಕಿಳಿಸುತ್ತಾರಂತೆ, ಡಾಕ್ಟರ ಪರೀಕ್ಷೆಯಲ್ಲಿ ಪಾಸಾದರೆ ಸಾಕಂತೆ. ಪೋಸ್ಟರು ಅಂಟಿಸಿದ ವಾರದಲ್ಲೇ ಈ ಗುರು ಮನೆಗೆ ಹಾಜರು. ಅಷ್ಟೂ ತಿಳಿಯದಿರಲು ಅವಳೇನು ಬೆರಳು ಚೀಪುವ ಕೂಸೇ?

ಉಡುಪು ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಕೆಲಸ. ದಿನವಿಡೀ ನಿಂತು ಹೊಲಿಗೆಯ ತಪ್ಪು ಹುಡುಕುವವಳಿಗೆ ಮನೆಯಲ್ಲಿ ಬಿಚ್ಚಿಕೊಂಡ ಹೊಲಿಗೆ ಕಾಣದೆ ಹೋಗುವುದುಂಟೆ? ಮೊದಲು ಗಂಡನ ನಾಲಿಗೆ ವಿಪರೀತ ಸಿಹಿಯಾಯಿತು. ಸಂಜೆ ಅವಳು ಬಾಗಿಲು ದೂಡುವುದೇ ತಡ, "ಬಂದ್ಯಾ ಗುಬ್ಬಿ? ಕಾಲು ನೋಯ್ತಿದ್ಯಾ?" ಮದುವೆಯಾದ ಹೊಸತರಲ್ಲಿ ಬಿಟ್ಟರೆ ಇಂಥ ಉಪಚಾರ ಅವಳು ಕಂಡದ್ದಿಲ್ಲ. ಕದ್ದುಮುಚ್ಚಿ ಏನೋ ನಡೆಸುವ ಗಂಡಸು ಬೆಣ್ಣೆ ಹಚ್ಚುವುದು ಹೀಗೇ ಎಂದುಕೊಂಡಳು.

ಗುರು ಬಾರದ ಭಾನುವಾರ ನೋಡಬೇಕು ಅವನನ್ನು. ಮೂತಿ ಬಿಗಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿರುತ್ತಾನೆ. ಊಟಕ್ಕೆ ಕರೆದರೆ, "ನಿಮಗ್ಯಾಕೆ ತೊಂದರೆ" ಎಂದು ಬಹುವಚನದಲ್ಲಿ ಚುಚ್ಚುತ್ತಾನೆ.

"ಏನ್ರೀ, ನಾನೇನು ನೆಂಟರ ಪೈಕಿನಾ?" ಎಂದು ಅವಳೂ ಸಿಡುಕುತ್ತಾಳೆ. ಅವನು ತಲೆ ತಗ್ಗಿಸಿಕೊಂಡು ತಿನ್ನುತ್ತಾನೆ.

ಆಮೇಲೆ ಮಲಗುವ ಕೋಣೆಯ ಮದುವೆ ಫೋಟೋ ಮಾಯವಾಯಿತು. ಮೂಗು ಮುರಿಯುವ ಮೊದಲಿನ ಅವನ ಮುಖ ಉಳಿದಿದ್ದದ್ದು ಅದೊಂದರಲ್ಲೇ. ಪೋಸ್ಟರಿಗಲ್ಲದೆ ಇನ್ನೇತಕ್ಕೆ? ಕೇಳಿದರೆ ಗುರು, "ಕಟ್ಟು ಸಡಿಲ ಆಗಿತ್ತಮ್ಮ, ಸರಿ ಮಾಡಿಸಿ ತರ್ತೀನಿ" ಎಂದು ನೆಲ ನೋಡಿದ.

"ಅಣ್ಣಾ, ಇವರನ್ನ ಎಲ್ಲಿಗೆ ಕರ್ಕೊಂಡು ಹೋಗೋ ಯೋಚನೆ?" ಎಂದು ಅವಳು ನೇರವಾಗಿಯೇ ಕೇಳಿದಳು.

"ಎಲ್ಲಿಗೂ ಇಲ್ಲಮ್ಮ. ಬಾಯಿ ಬಿಡಲ್ಲ ಅಂತ ಮಾತು ಕೊಟ್ಟುಬಿಟ್ಟಿದೀನಿ."

ಯಾರಿಗೆ ಎಂದರೆ ಟವೆಲು ಕೊಡವಿಕೊಂಡು ಹೊರಟೇಬಿಟ್ಟ. ಗಂಡನನ್ನೇ ಹಿಡಿದು, ಇನ್ನು ಕಣಕ್ಕೆ ಇಳಿಯಲ್ಲ ಅಂತ ಆಣೆ ಮಾಡಿ ಎಂದರೆ, "ಗುರುಗಳು ಬರಲಿ, ಕೇಳಿ ಹೇಳ್ತೀನಿ" ಎಂದ. ಹೆಂಡತಿಗೆ ಆಣೆ ಇಡಲೂ ಗುರುವಿನ ಅಪ್ಪಣೆ ಬೇಕು.

ಮೊನ್ನೆ ಬಾಗಿಲಿಗೆ ಕಿವಿಗೊಟ್ಟಾಗ ಕೇಳಿಸಿದ್ದಂತೂ ಅವಳ ರಕ್ತ ಕುದಿಸಿತು. "ತಪ್ಪು. ಮತ್ತೆ ಹೇಳು. ತಡವರಿಸಿದ್ರೆ ಗೊತ್ತಾಗಿಬಿಡತ್ತೆ." ಹೊರಗೆ ಬಂದ ಗಂಡನ ಹಣೆಯೆಲ್ಲ ಬೆವರು. ಗುರು ಟವೆಲಿನಿಂದ ಒರೆಸುತ್ತಿದ್ದ, ಥೇಟ್ ಅಂದಿನ ಹಾಗೇ. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಸಿಡುಕನಾಗಲಿ, ಅಳುಬುರುಕನಾಗಲಿ, ಈ ಮನುಷ್ಯ ಇಲ್ಲದ ಮನೆಯನ್ನು ನೆನೆಸಿಕೊಳ್ಳಲು ಅವಳಿಂದ ಆಗಲಿಲ್ಲ.

ಇವತ್ತು ಇತ್ಯರ್ಥವಾಗಲೇಬೇಕಿತ್ತು. "ಕೆಲಸಕ್ಕೆ ಹೊರಟೆ" ಎಂದು ಕೂಗಿ ಹೇಳಿ, ಮುಂಬಾಗಿಲನ್ನು ದಡಾರನೆ ಎಳೆದು, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿನ ಕಿಟಕಿಯ ಕೆಳಗೆ ಬಂದು ನಿಂತಳು. ಪಂದ್ಯದ ಸೊಲ್ಲೆತ್ತಿದರೆ ಸಾಕು, ಗುರುವಿನ ಕೊರಳಪಟ್ಟಿ ಹಿಡಿದು ಬೀದಿಗೆಳೆಯುವುದೆಂದು ತೀರ್ಮಾನಿಸಿದ್ದಳು.

"ಕೊನೇ ಸಲ ಕೇಳ್ತೀನಿ." ಗುರುವಿನ ದನಿ. "ಸಂಜೆ ಬಾಗಿಲು ತೆಗೆಯತ್ತೆ. ಏನಂತೀಯ?"

"ಬಂದ್ಯಾ ಗುಬ್ಬಿ."

"ಆಮೇಲೆ?"

"ಕಾಲು... ಕಾಲು ನೋಯ್ತಿದ್ಯಾ."

"ಭೇಷ್. ನೀವು ತಾವು ಅನ್ನೋ ಹಾಗಿಲ್ಲ. ಅವಳಿಗೆ ಗೊತ್ತಾಗಬಾರದು, ಎದೆ ಒಡ್ಕೊಂಡ್ಬಿಡ್ತಾಳೆ ಅಂತ, ಬುದ್ಧಿ ನೆಟ್ಟಗಿದ್ದಾಗ ನೀನೇ ನನ್ನ ಕೈ ಹಿಡ್ಕೊಂಡು ಅತ್ತಿದ್ದೆ. ಈಗ ಈ ಫೋಟೋ ನೋಡಿ ಹೇಳು, ಬಾಗಿಲು ತೆಗೆದು ಬರೋಳು ಯಾರು?"

ಕಿಟಕಿಯಾಚೆ ಫೋಟೋದ ಗಾಜಿಗೆ ಉಗುರು ತಾಗಿದ ಸದ್ದಾಯಿತು.

"ತುಂಬ ಒಳ್ಳೆಯವರು ಗುರುಗಳೇ," ಎಂದ ಬಂಡೆ. "ಯಾರ ಹೆಂಡ್ತಿನೋ ಏನೋ. ಕಟ್ಕೊಂಡವನು ಪುಣ್ಯ ಮಾಡಿದ್ದ."