ಎರಡು ಹನ್ನೆರಡು

ಮಳಿಗೆಯಲ್ಲಿ ಕೂತು ಶುಭಾಶಯ ಪತ್ರಗಳನ್ನು ಲಕೋಟೆಗೆ ಸೇರಿಸುತ್ತಿದ್ದ ಚಿತ್ರಗಾರ್ತಿಯ ಕೈ ಅಲ್ಲೇ ನಿಂತಿತು. "ನಿಮ್ಮ ಗುಬ್ಬಿ ಚಿತ್ರದ ಹನ್ನೆರಡನೇ ಪ್ರಿಂಟ್ ನಮ್ಮನೇಲಿದೆ ಕಣ್ರೀ," ಎಂದು ಗಿರಾಕಿ ಹೆಂಗಸು ಫೋನಿನಲ್ಲಿ ಫೋಟೊ ತೋರಿಸಿ ಹೋದಳು. ಇಪ್ಪತ್ತೈದೇ ಪ್ರಿಂಟ್ ತೆಗೆಸಿ, ಒಂದೊಂದಕ್ಕೂ ಚಿತ್ರಗಾರ್ತಿ ತಾನೇ ಪೆನ್ಸಿಲ್ಲಿನಲ್ಲಿ ಅಂಕಿ ಬರೆದಿದ್ದಳು. ಹನ್ನೆರಡನೆಯದನ್ನು ಮಾರದೆ ತನ್ನ ಮನೆಯ ಗೋಡೆಗೇ ಹಾಕಿಕೊಂಡಿದ್ದಳು. ಫೋಟೊದಲ್ಲಿದ್ದ ಅಂಕಿ ಪೆನ್ನಿನದು.

ಪ್ರೆಸ್ಸಿಗೆ ಹೋಗಿ ಪ್ರಿಂಟ್ ಹಾಕಿಸಿ ಮಾರುವುದೆಲ್ಲ ಪಕ್ಕದಲ್ಲೇ ಕೂತಿದ್ದ ವಾರಗಿತ್ತಿಯ ಕೆಲಸ. "ಅಕ್ಕಾ, ಹನ್ನೆರಡನೇ ಪ್ರಿಂಟ್ ಹೇಗೆ ಎರಡಾಯ್ತು?" ಎಂದು ಚಿತ್ರಗಾರ್ತಿ ಕೇಳಿದಳು.

"ನಿನ್ನ ಗುಬ್ಬಿ ಮರಿ ಮಾಡಿರ್ಬೇಕು ಬಿಡೇ!" ವಾರಗಿತ್ತಿ ನಗುತ್ತಲೇ ಪ್ರಿಂಟುಗಳ ಕಟ್ಟೊಂದನ್ನು ಕಾಲಿನಿಂದ ಮೇಜಿನಡಿಗೆ ಸರಿಸಿದಳು.

ಚಿತ್ರಗಾರ್ತಿಯೂ ನಕ್ಕಳು. ವಾರಗಿತ್ತಿಗೆ ಕೊಡಲೆಂದು ತಂದಿದ್ದ ಹೊಸ ಚಿತ್ರ ಇನ್ನೂ ಚೀಲದಲ್ಲೇ ಇತ್ತು. ಅದನ್ನು ತಾನೇ ಪ್ರೆಸ್ಸಿಗೆ ಒಯ್ಯುವುದೆಂದು ಒಳಗೊಳಗೇ ನಿಶ್ಚಯಿಸಿ, ಲಕೋಟೆಯ ಬಾಯಿ ಅಂಟಿಸಿದಳು.