ವಂದನಾರ್ಪಣೆ ಗೋವಿಂದರಾಜು

ವೇದಿಕೆಯಿರಲಿಲ್ಲ, ಮೈಕಿರಲಿಲ್ಲ, ಆದರೂ ಗೋವಿಂದರಾಜು ಎದ್ದು ನಿಂತು, ಜುಬ್ಬ ಸರಿಮಾಡಿಕೊಂಡು, ಎದುರಿಗಿದ್ದ ಒಬ್ಬರೇ ಒಬ್ಬ ಡಾಕ್ಟರಿಗೆ "ಎಲ್ಲರಿಗೂ ನಮಸ್ಕಾರ" ಎಂದರು.

"ಕೂತ್ಕೊಂಡೇ ಮಾತಾಡಬಹುದು ಸರ್," ಎಂದರು ಡಾಕ್ಟರ್ ಸಮನ್ವಿತಾ. "ಮನಸ್ಸಿಗೆ ಏನು ಬರುತ್ತೋ ಅದನ್ನ ಹೇಳಿ. ನಾನು ಜಾಸ್ತಿ ಮಾತಾಡಲ್ಲ. ಐವತ್ತು ನಿಮಿಷ ನಿಮ್ಮದೇ."

ಐವತ್ತು ನಿಮಿಷ! ಗೋವಿಂದರಾಜು ಕುರ್ಚಿಯಲ್ಲಿ ಕುಸಿದು ಕೂತರು. ಮೈಸೂರಿನ ಯಾವ ಸಭೆಯಲ್ಲೂ ಅವರಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಸಿಕ್ಕಿದ್ದಿಲ್ಲ. ಪುಸ್ತಕ ಬಿಡುಗಡೆಯಿರಲಿ, ಬಡಾವಣೆಯ ರಾಜ್ಯೋತ್ಸವವಿರಲಿ, ನಲವತ್ತು ವರ್ಷದಿಂದ ಕೊನೆಯ ವಂದನಾರ್ಪಣೆ ಅವರದೇ. ಶಾಮಿಯಾನದವನಿಂದ ಹಿಡಿದು ಅಧ್ಯಕ್ಷರ ಕಾರಿನ ಡ್ರೈವರ್‌ವರೆಗೆ ಒಂದು ಹೆಸರನ್ನೂ ಬಿಟ್ಟವರಲ್ಲ. ಅಂಥವರ ಗಂಟಲು ಹೋದ ತಿಂಗಳು ಒಂದು ಸನ್ಮಾನ ಸಮಾರಂಭದಲ್ಲಿ, ತುಂಬಿದ ಸಭೆಯೆದುರು, ಪಟ್ಟನೆ ಕಟ್ಟಿಹೋಗಿತ್ತು. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಇಲ್ಲೇನೂ ತೊಂದರೆಯಿಲ್ಲ, ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಎಂದು ಕೈತೊಳೆದುಕೊಂಡರು. ಬರುವ ಭಾನುವಾರ ಅವರ ಬಡಾವಣೆಯ ಸಂಘದ ಬೆಳ್ಳಿಹಬ್ಬ. ಅಲ್ಲೂ ಗಂಟಲು ಕೈಕೊಟ್ಟರೆ ವಂದನಾರ್ಪಣೆ ಬೇರೆಯವರ ಪಾಲಾಗುವುದು ಖಂಡಿತ. ಆ ಭಯಕ್ಕೆ ಒಂದು ವಾರದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

"ಭಾನುವಾರದೊಳಗೆ ಸರಿಹೋಗೋ ಹಾಗೆ ಒಂದು ಮಾತ್ರೆ ಬರ್ಕೊಟ್ಬುಡಿ ಡಾಕ್ಟ್ರೇ."

"ಇಲ್ಲಿ ಮಾತ್ರೆ ಇಲ್ಲ ಸರ್. ಪ್ರತಿ ಮಂಗಳವಾರ ಇದೇ ಹೊತ್ತಿಗೆ ಬರ್ತೀರಿ, ಮಾತಾಡ್ತೀರಿ."

"ಎಷ್ಟು ವಾರ?"

"ನೋಡೋಣ," ಎಂದು ಡಾಕ್ಟರು ಸುಮ್ಮನೆ ಕುಳಿತರು.

ಸುಮ್ಮನೆ ಕೂತು ಕೇಳುವ ಸಭೆಯನ್ನು ಗೋವಿಂದರಾಜು ಜನ್ಮದಲ್ಲಿ ಕಂಡವರಲ್ಲ. ಎರಡು ನಿಮಿಷ ಫ್ಯಾನು ನೋಡಿದರು, ಎರಡು ನಿಮಿಷ ಚಪ್ಪಲಿ ನೋಡಿಕೊಂಡರು. ತಡೆಯಲಾಗದೆ ತಮಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದರು. "ಸರಿ, ನನ್ನನ್ನ ಈ ಮಟ್ಟಕ್ಕೆ ತಂದೋರಿಗೆಲ್ಲ ಮೊದಲು ವಂದನೆ ಹೇಳ್ಬುಡ್ತೀನಿ." ಹೆತ್ತ ತಾಯಿಗೆ, ಫೀಸು ಕಟ್ಟಿದ ಸೋದರಮಾವನಿಗೆ, ಕನ್ನಡ ಮೇಷ್ಟರಿಗೆ, ದೇವರಾಜ ಮೊಹಲ್ಲಾದ ವಠಾರದ ಮಾಲೀಕರಿಗೆ, ಕೆಮ್ಮು ಬಂದಾಗಲೆಲ್ಲ ಕಷಾಯ ಕೊಟ್ಟ ಪಕ್ಕದ ಮನೆಯ ಸೋಮಮ್ಮನಿಗೆ, ಕೊನೆಗೆ ಆ ವಠಾರಕ್ಕೆ ಹಾಲು ಕೊಡುತ್ತಿದ್ದ ಹಸುವಿಗೂ ಹೃತ್ಪೂರ್ವಕ ಧನ್ಯವಾದ ಸಂದಿತು. ಎಲ್ಲೂ ತಡವರಿಸಲಿಲ್ಲ. ಗೋವಿಂದರಾಜು ಗೆದ್ದವರಂತೆ ಕುರ್ಚಿಗೆ ಒರಗಿದರು.

"ನಿಮ್ಮ ತಂದೆ?" ಎಂದರು ಸಮನ್ವಿತಾ.

"ಅಯ್ಯೋ, ಬಿಟ್ಟೇಹೋಯ್ತಲ್ಲ! ಕ್ಷಮಿಸ್ಬೇಕು. ನನ್ನ ಪೂಜ್ಯ..." ಅಷ್ಟೇ. ಗಂಟಲು ಕಟ್ಟಿತು. ಕೆಮ್ಮಿದರು, ನೀರು ಕುಡಿದರು, ಮತ್ತೆ ಕೆಮ್ಮಿದರು. ಡಾಕ್ಟರು ಅವಸರ ಮಾಡಲಿಲ್ಲ. ಹೋದ ತಿಂಗಳೂ 'ಸನ್ಮಾನಿತರ ಪೂಜ್ಯ ತಂದೆಯವರಿಗೆ' ಎನ್ನುವಲ್ಲೇ ಮಾತು ನಿಂತದ್ದು ಗೋವಿಂದರಾಜು ಅವರಿಗೆ ಆಗ ಹೊಳೆಯಿತು.

"ಬಿಟ್ಟುಹೋಗಿದ್ದಲ್ಲ ಡಾಕ್ಟ್ರೇ," ಎಂದರು ಸಣ್ಣ ದನಿಯಲ್ಲಿ. "ನಾನೇ ಬಿಟ್ಟೆ. ಏಳನೇ ಕ್ಲಾಸಲ್ಲಿದ್ದೆ. ಸ್ಕೂಲ್ ಡೇ ಭಾಷಣ. ಏನ್ ಚೆನ್ನಾಗಿ ಮಾತಾಡ್ತಿದ್ದೆ ಅಂತೀರಿ! ಜನ ಚಪ್ಪಾಳೆ ಹೊಡೀತಿದ್ರು. ಅಪ್ಪ ಸೀದಾ ಸ್ಟೇಜ್ ಹತ್ತಿ ಮೈಕ್ ಕಿತ್ಕೊಂಡ್ರು. 'ದೊಡ್ಡೋರ ಮುಂದೆ ಏನೋ ನಿನ್ನ ಪ್ರತಾಪ, ಇಳಿ ಕೆಳಗೆ' ಅಂತ ಕಿವಿ ಹಿಡ್ಕೊಂಡು ಇಳಿಸಿದ್ರು. ಇಡೀ ಸ್ಕೂಲು ನಕ್ಬುಡ್ತು. ಅವತ್ತಿಂದ ಭಾಷಣದ ತಂಟೆಗೇ ಹೋಗ್ಲಿಲ್ಲ. ವಂದನಾರ್ಪಣೆ ಆದ್ರೆ ವಾಸಿ ನೋಡಿ. ಎಲ್ಲರ ಕಣ್ಣೂ ತಿಂಡಿ ಕಡೆ ಇರುತ್ತೆ, ಯಾರೂ ಕೇಳಿಸ್ಕೊಳಲ್ಲ, ಯಾರೂ ಇಳಿಸೋಕೂ ಬರಲ್ಲ."

ಹೇಳುತ್ತ ಹೇಳುತ್ತ ಐವತ್ತು ವರ್ಷದ ಸಿಟ್ಟು ನೆತ್ತಿಗೇರಿತು. ಕಿವಿ ಹಿಂಡಿದ್ದಕ್ಕೆ ಬೈದರು, ಮೈಕು ಕಿತ್ತುಕೊಂಡಿದ್ದಕ್ಕೆ ಬೈದರು, ಮನೆಯ ಗೋಡೆಯ ಫೋಟೋದಿಂದ ಈಗಲೂ ಹಾಗೇ ದುರುಗುಟ್ಟಿಕೊಂಡು ನೋಡುವುದಕ್ಕೂ ಸೇರಿಸಿ ಬೈದರು. ಹೊರಗೆ ಕೂತಿದ್ದ ರಿಸೆಪ್ಷನ್ ಹುಡುಗಿ ಗಾಬರಿಯಾಗಿ ಬಾಗಿಲು ತೆರೆದು ಇಣುಕಿದಳು. ಸಮನ್ವಿತಾ ಕೈಸನ್ನೆಯಲ್ಲೇ ಅವಳನ್ನು ಕಳಿಸಿದರು. ಗೋವಿಂದರಾಜು ಉಸಿರು ತೆಗೆದುಕೊಂಡಾಗ ಮೆಲ್ಲಗೆ, "ಸಮಯ ಆಯ್ತು ಸರ್. ಮುಂದಿನ ಮಂಗಳವಾರ ಮುಂದುವರಿಸೋಣ," ಎಂದರು.

ಹೊರಗೆ ಹೊಂಗೆಮರದ ನೆರಳಲ್ಲಿ ಹೆಂಡತಿ ಪಂಕಜಾ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದರು.

"ಏನಂದ್ರು ಡಾಕ್ಟ್ರು?"

"ಏನೂ ಅನ್ಲಿಲ್ಲ."

"ಮತ್ತೆ ಇಷ್ಟೊತ್ತು ಒಳಗೆ ಏನ್ಮಾಡ್ತಿದ್ರಿ?"

"ಅಪ್ಪನ್ನ ಬೈತಿದ್ದೆ."

ಪಂಕಜಾ ಗಲ್ಲ ಗಲ್ಲ ಬಡಿದುಕೊಂಡರು. "ಶಿವ ಶಿವಾ! ಸತ್ತೋರನ್ನ ಯಾರಾದ್ರೂ ಬೈತಾರೇನ್ರೀ? ಅವರಿಗೆ ಕೇಳಿಸಿದ್ರೆ?"

"ಕೇಳಿಸ್ಲಿ ಅಂತಲೇ ಜೋರಾಗಿ ಬೈದೆ ಕಣೇ."

ಪಂಕಜಾ ಗಂಡನ ಮುಖವನ್ನೇ ನೋಡಿದರು. ಕಣ್ಣು ಕೆಂಪಗಿತ್ತು, ದನಿ ಮಾತ್ರ ಬೀದಿಯ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಅಂತೂ ಗಂಟಲು ಬಿಡ್ತಲ್ಲ, ಅಷ್ಟು ಸಾಕು," ಎಂದು ಸ್ಕೂಟರ್ ಸ್ಟಾರ್ಟ್ ಮಾಡಿದರು. "ಭಾನುವಾರ ವಂದನಾರ್ಪಣೆ ಮಾಡ್ತೀನಿ ಅಂತ ಸೆಕ್ರೆಟರಿಗೆ ಫೋನ್ ಮಾಡ್ಬುಡಿ ಮತ್ತೆ."

"ಅದನ್ನ ಬೇರೆ ಯಾರಾದ್ರೂ ಮಾಡ್ಲಿ ಬುಡು," ಎಂದು ಗೋವಿಂದರಾಜು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತರು. "ನಾನು ಈಗ ತಾನೆ ಮಾತು ಶುರು ಮಾಡಿದೀನಿ."