ಮೇಷ್ಟ್ರ ನಾಲ್ಕು ಹಾಳೆ

ಎಕುವಾ ನಾಲ್ಕು ಹಾಳೆಗಳನ್ನು ಆರ್ಗನ್ ಮೇಲೆ ಸಾಲಾಗಿ ಜೋಡಿಸುವಷ್ಟರಲ್ಲಿ ಅದ್ವೋವಾ ಎರಡು ಸಲ ಕೈ ಒರೆಸಿಕೊಂಡಿದ್ದಳು.

"ಮುಟ್ಟಬಹುದಾ?"

"ಮುಟ್ಟಿ ಆಂಟಿ. ಹೊಗೆಮೀನಿನ ವಾಸನೆ ಹತ್ತಿದ್ರೆ ಕೋಬಿನಾ ಮೇಷ್ಟ್ರು ಎದ್ದು ಬಂದು ಬೈಯೋದಿಲ್ಲ."

ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು. ಕಡಲತೀರದ ಸಾಲ್ಟ್‌ಪಾಂಡಿನ ಆ ಚರ್ಚಿನಲ್ಲಿ ಆರ್ಗನ್ ನುಡಿಸಿ ಗಾಯನ ತಂಡ ನಡೆಸಲು ಅವರ ಜಾಗಕ್ಕೆ ಬಂದವಳು ಎಕುವಾ. ಹೋದ ವಾರ ಆರ್ಗನ್ ಪೀಠಕ್ಕೆ ಗೆದ್ದಲು ಹಿಡಿದಿದೆಯೆಂದು ಬಡಗಿ ಅದರ ಹಲಗೆ ಕಿತ್ತಾಗ ದಾರ ಕಟ್ಟಿದ ಈ ಹಾಳೆಗಳು ಸಿಕ್ಕಿದವು. ಕೈಬರಹ ಮೇಷ್ಟ್ರದೇ, ಆದರೆ ಯಾರ ಹೆಸರೂ ಇಲ್ಲ, ಹಾಡಿನ ಮಾತೂ ಇಲ್ಲ, ಬರೀ ಸ್ವರ. ಗಾಯನ ತಂಡದಲ್ಲಿ ಹಳಬಳೆಂದರೆ ಅದ್ವೋವಾ. ಯಾರಿಗೆ ಬರೆದದ್ದೆಂದು ಅವಳಿಗೆ ಗುರುತು ಸಿಗಬಹುದೆಂದು ಎಕುವಾ ಹೇಳಿಕಳಿಸಿದ್ದಳು. ಮಂಗಳವಾರ, ದೋಣಿಗಳು ಕಡಲಿಗಿಳಿಯದ ದಿನ. ಮೀನು ಹೊಗೆಯಲ್ಲಿ ಒಣಗಿಸಿ ಮಾರುವ ಅದ್ವೋವಾಳ ಒಲೆಗೂ ಬಿಡುವು.

ಅವಳು ಬಂದದ್ದು ಬೇರೆಯದೇ ಆಸೆಯಿಂದ. ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಇದೇ ಚರ್ಚಿನ ಮೆಟ್ಟಿಲ ಮೇಲೆ ಮೇಷ್ಟ್ರು, "ನಿನಗೆ ಅಂತ ಒಂದು ಹಾಡು ಬರೀತಿದ್ದೀನಿ, ನೀನೊಬ್ಬಳೇ ಹಾಡೋದು. ಮುಗೀಲಿ, ಕೊಡ್ತೀನಿ" ಎಂದಿದ್ದರು. ಅವಳು ಹಾಡಿಗೆ ಕಾದಳು, ಹಾಡಿಗಿಂತ ಹೆಚ್ಚಿನದಕ್ಕೂ ಕಾದಳು. ಮೇಷ್ಟ್ರು ಬಾಯಿ ಬಿಡಲಿಲ್ಲ. ಮನೆಯವರು ಡಾಡ್ಜಿ ಎಂಬ ಲಾರಿ ಮಾಲೀಕನಿಗೆ ಕೊಟ್ಟು ಮದುವೆ ಮಾಡಿದರು. ಆಮೇಲೆ ಮೇಷ್ಟ್ರು ಊರ ಮುಖಂಡರ ಸಾವಿಗೆ ಬರೆದರು, ಶಾಲೆಯ ಹಬ್ಬಕ್ಕೆ ಬರೆದರು, ಕೊನೆಗೆ ನೀರಿನ ಟ್ಯಾಂಕಿನ ಉದ್ಘಾಟನೆಗೂ ಒಂದು ಹಾಡು ಬರೆದರು. ಅವಳಿಗೆ ಒಂದು ಸಾಲಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ.

"ಇದ್ರಲ್ಲಿ ಒಬ್ಬರೇ ಹಾಡೋ ಹಾಡು ಯಾವುದು?" ಅದ್ವೋವಾ ಏನೂ ಅಲ್ಲವೆಂಬಂತೆ ಕೇಳಿದಳು.

"ನಾಲ್ಕೂ ಒಂದೇ ದನಿಗೆ ಬರ್ದಿರೋದು. ಆದ್ರೆ ನಾಲ್ಕು ಹಾಡಲ್ಲ ಆಂಟಿ. ಒಂದೇ ಹಾಡು."

"ನಿನಗೇನು ಕಣ್ಣು ಮಂಜಾ? ಇದರ ತಲೇಲಿ ಮೂರು ಬೇಲಿ ಇದೆ, ಅದರಲ್ಲಿ ಒಂದೇ. ಈ ಕಡೇದರಲ್ಲಿ ಮೂರು ಬಸುರಿಯರು ನಿಂತಿದ್ದಾರೆ. ಸ್ವರದ ಗುಂಡುಗಳು ಒಂದ್ರಲ್ಲಿ ಮೇಲಿವೆ, ಒಂದ್ರಲ್ಲಿ ಕೆಳಗಿವೆ."

ಎಕುವಾ ನಕ್ಕಳು. ತಂಡದವರೆಲ್ಲ ಕಲಿತದ್ದು ಡೋ-ರೇ-ಮಿ ಅಕ್ಷರಗಳಲ್ಲಿ. ಅಲ್ಲಿ ಶ್ರುತಿ ಏರಲಿ ಇಳಿಯಲಿ ಅಕ್ಷರ ಅವೇ ಇರುತ್ತವೆ, ಪುಟದ ಮೇಲಿನ ಒಂದು ಗುರುತು ಬದಲಾದರೆ ಮುಗಿಯಿತು. ಈ ಹಾಳೆಗಳ ಐದು ಗೆರೆಯ ಬರಹದಲ್ಲಿ ಹಾಗಲ್ಲ, ಶ್ರುತಿ ಬದಲಾದರೆ ಪುಟವೇ ಬೇರೆಯಾಗಿ ಕಾಣುತ್ತದೆ. ಅದ್ವೋವಾ ನಲವತ್ತು ವರ್ಷ ಹಾಡಿಯೂ ಐದು ಗೆರೆಯ ತಂಟೆಗೆ ಹೋದವಳಲ್ಲ.

"ಬೇಲಿ ಅಂದ್ರೆ ಶಾರ್ಪ್, ಸ್ವರ ಏರಿಸೋ ಗುರುತು. ಕೊನೇ ಬೇಲಿ ಎಲ್ಲಿದೆಯೋ ಅದರ ಮೇಲಿನ ಸ್ವರ ನಿಮ್ಮ ಡೋ. ಬಸುರಿ ಅಂದ್ರೆ ಫ್ಲಾಟ್, ಇಳಿಸೋ ಗುರುತು. ಅಲ್ಲಿ ಕೊನೇದನ್ನ ಬಿಟ್ಟು ಅದರ ಹಿಂದಿನದು ಡೋ. ಒಂದೇ ಫ್ಲಾಟ್ ಇದ್ರೆ ಮಾತ್ರ ಬಾಯಿಪಾಠ ಮಾಡ್ಬೇಕು, ಅದು ನಾನು ಹೇಳ್ತೀನಿ."

ಮೊದಲ ಮೂರು ಹಾಳೆಯನ್ನು ಎಕುವಾ ಬೆರಳಿಟ್ಟು ಓದಿದಳು. ನಾಲ್ಕನೆಯದರ ಡೋ ಎಲ್ಲಿದೆಯೆಂದು ಅದ್ವೋವಾ ತಾನೇ ಹುಡುಕಿ, ಒಂದೊಂದೇ ಗುಂಡು ಮುಟ್ಟುತ್ತ ಹೇಳಿದಳು. "ಸೋ, ಡೋ... ಮಿ, ರೇ, ಡೋ..." ಅದೇ ಹಾಡು. ಅವಳ ಬೆರಳು ಅಲ್ಲೇ ನಿಂತಿತು.

"ಪ್ರತಿ ಸಲ ಶ್ರುತಿ ಇಳಿಸಿದ್ದಾರೆ. ಯಾಕೆ ಅಂತ ನನಗೂ ತಿಳೀಲಿಲ್ಲ. ಮೂಲೇಲಿ ತಿಂಗಳು, ವರ್ಷ ಇದೆ ನೋಡಿ," ಎಂದಳು ಎಕುವಾ.

ಅದ್ವೋವಾ ನೋಡಿದಳು. ಮೊದಲನೆಯದು ಅವಳ ಮದುವೆಗೆ ಎರಡು ತಿಂಗಳು ಮುಂಚಿನದು. ಹಾಡು ಆಗಲೇ ಮುಗಿದಿತ್ತು. ಎರಡನೆಯದು ಮೂರನೇ ಹೆರಿಗೆಯಾದ ವರ್ಷದ್ದು. ಅವಳ ದನಿ ಮೊದಲು ಬಿದ್ದದ್ದು ಆಗ. ಮೂರನೆಯದು ಮೇಷ್ಟ್ರು ಅವಳನ್ನು ಮೇಲುದನಿಯ ಸಾಲಿನಿಂದ ಎಬ್ಬಿಸಿ ಕೆಳದನಿಯವರ ಪಕ್ಕ ಕೂರಿಸಿದ ವರ್ಷದ್ದು. ಅವತ್ತು ಮನೆಗೆ ಹೋಗಿ ಅನ್ನ ಬಿಟ್ಟು ಅತ್ತಿದ್ದಳು. ಕೊನೆಯದು ಅವಳು ಗಂಟಲಿನ ಗಡ್ಡೆ ತೆಗೆಸಿದ ವರ್ಷದ್ದು.

"ಯಾರಿಗೆ ಬರ್ದಿದ್ದು ಅಂತ ಗೊತ್ತಾಯ್ತಾ ಆಂಟಿ?"

"ಗೊತ್ತಾಯ್ತು." ಅವಳಿಗೆ ಸಂತೋಷವಾಯಿತು. ಸತ್ತವರ ಮೇಲೆ ವಿಪರೀತ ಸಿಟ್ಟೂ ಬಂತು. ಇಷ್ಟು ವರ್ಷ ವಾರಕ್ಕೆರಡು ದಿನ ಎದುರಿಗೇ ನಿಂತಿದ್ದ ಮನುಷ್ಯ ಒಂದು ಹಾಳೆ ಕೈ ಚಾಚಿ ಕೊಡಲಾರದೆ ಹೋದನಲ್ಲ. "ಕೊನೇದನ್ನ ನುಡಿಸು."

ಎಕುವಾ ನುಡಿಸಿದಳು, ಅದ್ವೋವಾ ಹಾಡಿದಳು. ಹಾಡು ಅವಳ ಗಂಟಲಿಗೆ ಅಳತೆ ತೆಗೆದು ಹೊಲಿದ ರವಿಕೆಯ ಹಾಗೆ ಕೂತಿತು. ಆದರೆ ಕೊನೆಯ ಸಾಲಿನ ಎತ್ತರದ ಸ್ವರಕ್ಕೆ ಬಂದಾಗ ದನಿ ಒಡೆಯಿತು. ಇನ್ನೊಮ್ಮೆ ಹಾಡಿದಳು, ಮತ್ತೆ ಅಲ್ಲೇ ಒಡೆಯಿತು. ಮೇಷ್ಟ್ರು ಹೋದ ಮೇಲೆ ಅವಳ ವಯಸ್ಸಿಗೆ ಇನ್ನೂ ಒಂದು ವರ್ಷ ಸೇರಿತ್ತು.

"ಪರವಾಗಿಲ್ಲ ಆಂಟಿ, ಇನ್ನೊಂದು ಮೆಟ್ಟಿಲು ಇಳಿಸಿ ನುಡಿಸ್ತೀನಿ. ಅದೇನು ಕಷ್ಟವಲ್ಲ."

ಅದ್ವೋವಾ ಹಾಳೆಯ ಮೇಲಿಂದ ಕೈ ತೆಗೆಯಲಿಲ್ಲ.

"ಬೇಡ. ನಲವತ್ತು ವರ್ಷ ಪಾಪ ಅವರೇ ಇಳ್ಕೊಂಡು ಬಂದಿದ್ದಾರೆ," ಎಂದಳು. "ಇದೊಂದು ಮೆಟ್ಟಿಲು ನಾನು ಹತ್ತುತೀನಿ."